ಗಲಭೆ ಸಂಘಟಕ ಮಹನೀಯರಿಗೊಂದು ಅಭಿನಂದನಾ ಪತ್ರ

ಸನ್ಮಾನ್ಯರೇ,

1983ರ ಜುಲೈನಲ್ಲಿ ಶ್ರೀಲಂಕಾದ ಕೊಲಂಬೊದಲ್ಲಿ ತಾವು ನಡೆಸಿಕೊಟ್ಟ ಕಾರ್ಯಕ್ರಮಕ್ಕೆ ತಕ್ಕ ಸನ್ಮಾನ ಇನ್ನೂ ಆಗಿಲ್ಲವೆಂಬ ಕೊರಗಿನಿಂದ ಈ ಬಹಿರಂಗ ಪತ್ರ. ಜಯವರ್ಧನೆಯವರ ಸರ್ಕಾರ 1977ರಿಂದ ಮಾರುಕಟ್ಟೆ ತೆರೆದು, ಕಟುನಾಯಕೆಯಲ್ಲಿ ರಫ್ತು ವಲಯ ಕಟ್ಟಿ, ತೆರಿಗೆ ವಿನಾಯಿತಿ ಕೊಟ್ಟು ವಿದೇಶಿ ಕಂಪನಿಗಳನ್ನು ಕರೆಯುತ್ತಿತ್ತು. ಅಮೆರಿಕದ ಮೊಟೊರೋಲಾ, ಹ್ಯಾರಿಸ್ ಕಂಪನಿಗಳು ಎಲೆಕ್ಟ್ರಾನಿಕ್ಸ್ ಘಟಕ ತೆರೆಯಲು ಮನಸ್ಸು ಮಾಡಿದ್ದವು. ಅಷ್ಟರಲ್ಲಿ ಜಾಫ್ನಾದಲ್ಲಿ ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ 13 ಸೈನಿಕರನ್ನು ಕೊಂದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನ್ಯಾಯ ಪಾಲಿಸಿದ ತಾವು, ಮತದಾರರ ಪಟ್ಟಿ ಹಿಡಿದು ಕೊಲಂಬೊದ ತಮಿಳರ ಮನೆ, ಅಂಗಡಿ, ಕಾರ್ಖಾನೆಗಳನ್ನು ಹುಡುಕಿ ಬೆಂಕಿ ಇಟ್ಟಿರಿ. ನೂರಾರು ಜನ ಸತ್ತರು. ಆ ಎರಡೂ ಕಂಪನಿಗಳು ಯೋಜನೆ ಕೈಬಿಟ್ಟವು. ಒಂದು ಜಾಹೀರಾತಿನ ಖರ್ಚೂ ಇಲ್ಲದೆ ಪೈಪೋಟಿಯ ದೇಶಗಳಿಗೆ ಇಷ್ಟು ಉಪಕಾರ ಮಾಡಿದವರು ಬೇರೆ ಯಾರಿದ್ದಾರೆ?

ಬಂಡವಾಳಕ್ಕೆ ಕರುಣೆಯಿದೆ ಎಂದು ನಾನು ವಾದಿಸುತ್ತಿಲ್ಲ. ಅದು ಹೆಣ ಎಣಿಸುವುದಿಲ್ಲ, ಪೊಲೀಸರು ಎಲ್ಲಿ ನಿಂತಿದ್ದರು ಎಂದು ನೋಡುತ್ತದೆ. ತೆರಿಗೆ ವಿನಾಯಿತಿ ಎಂದರೆ ಸರ್ಕಾರ ಕೊಡುವ ಮಾತು. ಕಣ್ಣೆದುರು ಉರಿಯುವ ಅಂಗಡಿಯನ್ನು ಉಳಿಸದ ಸರ್ಕಾರ, ಹತ್ತು ವರ್ಷ ಮುಂದಿನ ಲಾಭವನ್ನು ಕಾಯುತ್ತದೆಂದು ಯಾರು ನಂಬಬೇಕು? ಇನ್ನು, ಸುಟ್ಟ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಸಿಂಹಳೀಯರೂ ಕೆಲಸ ಕಳೆದುಕೊಂಡರು. ತಮ್ಮ ದೇಶಭಕ್ತಿ ಅಷ್ಟು ಉದಾರವಾಗಿತ್ತು.

ತಾವು ಆಕ್ಷೇಪಿಸಬಹುದು: ಗಲಭೆಯ ಬೆನ್ನಲ್ಲೇ ಹೊತ್ತಿದ ಯುದ್ಧದ ವರ್ಷಗಳಲ್ಲೂ ಲಂಕೆಯ ಆರ್ಥಿಕತೆ ಸರಾಸರಿ ಸುಮಾರು ಶೇ. 5ರಷ್ಟು ಬೆಳೆಯಿತಲ್ಲ, ಅಂತರ್ಯುದ್ಧದ ಅಂಗೋಲಾದಲ್ಲೂ ತೈಲ ಕಂಪನಿಗಳು ಉಳಿದವಲ್ಲ? ನಿಜ. ಆದರೆ ತೈಲಬಾವಿ ಎದ್ದು ಹೋಗಲಾರದು, ಅದಕ್ಕೇ ಕಂಪನಿ ಉಳಿಯುತ್ತದೆ. ಲಂಕೆಗೆ ಬಂದ ಸಿದ್ಧ ಉಡುಪಿನ ಉದ್ಯಮವನ್ನು ಎಳೆದದ್ದು ಬಹುಮಟ್ಟಿಗೆ ಪಶ್ಚಿಮದ ದೇಶಗಳು ದೇಶವಾರು ಹಂಚುತ್ತಿದ್ದ ಆಮದು ಕೋಟಾ. ಹೊಲಿಗೆ ಯಂತ್ರವನ್ನು ಬೇಕೆಂದಾಗ ಹಡಗಿಗೆ ಏರಿಸಬಹುದು. ದಶಕಗಟ್ಟಲೆ ಬೇರೂರಬೇಕಾದ ಉದ್ಯಮ ಮಾತ್ರ ಹಿಂಜರಿಯುತ್ತದೆ, ಬಾರದೇ ಹೋದ ಕಾರ್ಖಾನೆ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ಸನ್ಮಾನದಲ್ಲಿ ಎದುರು ಪಾಳೆಯಕ್ಕೂ ಪಾಲಿದೆ: 2001ರ ಜುಲೈನಲ್ಲಿ ಅದೇ ಕಟುನಾಯಕೆಯ ವಿಮಾನ ನಿಲ್ದಾಣದ ಮೇಲೆ ಎಲ್‌ಟಿಟಿಇ ದಾಳಿ ಮಾಡಿದಾಗ ಹಡಗು, ವಿಮಾನಗಳ ವಿಮಾ ಕಂತು ಗಗನಕ್ಕೇರಿತು. ಸ್ವಾತಂತ್ರ್ಯದ ನಂತರ ಮೊದಲ ಬಾರಿಗೆ ದೇಶದ ಆರ್ಥಿಕತೆ ಕುಗ್ಗಿದ್ದು ಆ ವರ್ಷವೇ.

ಹಣಕ್ಕಿಂತ ಸ್ವಾಭಿಮಾನ ದೊಡ್ಡದು ಎನ್ನುವಿರಾ? ತಮ್ಮ ಸ್ವಾಭಿಮಾನ ಹೊತ್ತಿಸಿದ ಯುದ್ಧ ಆರಿದ್ದು 2009ರಲ್ಲಿ. ಆದ್ದರಿಂದ ಹೂಡಿಕೆದಾರರ ಸಮಾವೇಶಕ್ಕೆ ಹೂವಿನ ಹಾರ ಕೊಳ್ಳುವ ಎಲ್ಲ ಸರ್ಕಾರಗಳಿಗೆ ಒಂದು ಮನವಿ: ಬೆಂಕಿ ಹಚ್ಚಿದವರು ನಿಮ್ಮ ಪಕ್ಷದವರಾದರೂ ಜೈಲಿಗೆ ಕಳಿಸಿ. ಅದಕ್ಕಿಂತ ದೊಡ್ಡ ರಿಯಾಯಿತಿಯನ್ನು ಯಾವ ಬಂಡವಾಳವೂ ಕೇಳಿಲ್ಲ.

ಇತಿ,
ತಮ್ಮ ಸಾಧನೆಯ ಲೆಕ್ಕ ಇಟ್ಟವ