ಕಾರಂಜಿ ಕೆರೆ: ಬಳಸುವ ಮುನ್ನ ಓದಿ

ಮಿಕ್ಸಿ ಕೊಂಡರೆ ಜೊತೆಗೊಂದು ಕೈಪಿಡಿ ಕೊಡುತ್ತಾರೆ. ಕೆರೆ ನೋಡಲು ಹೋದರೆ ಟಿಕೆಟ್ ಹರಿದುಕೊಟ್ಟು ಕೈಬಿಡುತ್ತಾರೆ. ಮೈಸೂರಿನ ಕಾರಂಜಿ ಕೆರೆಗೆ ಬರುವವರಲ್ಲಿ ಬಹಳ ಮಂದಿ ಪಕ್ಕದ ಮೃಗಾಲಯದಲ್ಲಿ ಜಿರಾಫೆಯ ಮುಂದೆ ಫೋಟೊ ಹೊಡೆಸಿಕೊಂಡು, ಸುಸ್ತಾಗಿ, "ಇಷ್ಟು ದೂರ ಬಂದಿದ್ದೀವಿ, ಅದನ್ನೂ ಒಂದು ಮುಗಿಸಿಬಿಡೋಣ" ಎಂದು ಕಾಲೆಳೆದುಕೊಂಡು ಬಂದವರು. ಅರ್ಧ ಗಂಟೆಯಲ್ಲಿ ಹೊರಬಿದ್ದು "ಏನಿಲ್ಲ, ಬರೀ ನೀರು" ಎಂದು ವರದಿ ಒಪ್ಪಿಸುತ್ತಾರೆ. ಸಾಮಾನು ಸರಿಯಾಗಿಯೇ ಇದೆ, ಬಳಸುವ ಕ್ರಮ ತಪ್ಪಿದೆ. ಹಾಗಾಗಿ ಈ ಕೈಪಿಡಿ.

ಪೆಟ್ಟಿಗೆಯೊಳಗೆ ಏನೇನಿದೆ

ಸುಮಾರು 90 ಹೆಕ್ಟೇರ್ ಜಾಗ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಸುತ್ತ ಮರಗಳು, ಬಿದಿರುಮೆಳೆ, ಕಾಲುದಾರಿ. ಹಿಂದುಗಡೆ ಚಾಮುಂಡಿ ಬೆಟ್ಟ (ಬಿಡಿಯಾಗಿ ಸಿಗುವುದಿಲ್ಲ). ಚಿಟ್ಟೆಗಳ ಉದ್ಯಾನ, ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿಮನೆ, ಹತ್ತಿ ನೋಡಲು ಒಂದು ಗೋಪುರ. ದಂಡೆಯಲ್ಲೇ 1995ರಲ್ಲಿ ತೆರೆದ ನಿಸರ್ಗ ವಸ್ತುಸಂಗ್ರಹಾಲಯ. ಉಸ್ತುವಾರಿ 1892ರಷ್ಟು ಹಳೆಯ ಮೃಗಾಲಯದ್ದು. ಹಕ್ಕಿಗಳ ಎಣಿಕೆ ಋತುವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ, ಮಾರಿದ ಮಾಲಿನಂತೆ ಲೆಕ್ಕ ಕೇಳಬೇಡಿ.

ಚಾಲೂ ಮಾಡುವ ವಿಧಾನ

ಹಂತ ಒಂದು: ಮೊಬೈಲನ್ನು ಜೇಬಿಗೆ ಹಾಕಿ. ಹಂತ ಎರಡು: ಕೂತುಕೊಳ್ಳಿ. ಮೂರನೆಯ ಹಂತ ಇಲ್ಲ.

ಇದನ್ನು ಕಲಿಸಿದವರು ನಮ್ಮ ಸೋದರತ್ತೆ. ಮಂಡಿನೋವು. "ನೀವು ಸುತ್ಕೊಂಡು ಬನ್ರೋ, ನಾನು ಇಲ್ಲೇ ಇರ್ತೀನಿ" ಎಂದು ನೀರಿನ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ನಾವು ಏಳು ಜನ ದಂಡೆಯುದ್ದಕ್ಕೂ ನಡೆದು, ಬೆವರಿ, ಮಕ್ಕಳ ಜಗಳ ಬಿಡಿಸಿ, ಎರಡು ಬಾತುಕೋಳಿ ನೋಡಿಕೊಂಡು ವಾಪಸು ಬಂದೆವು. ಅತ್ತೆಯ ಮುಖ ಮಾತ್ರ ಊರಹಬ್ಬ ನೋಡಿದವರ ಹಾಗಿತ್ತು. "ಲೋ, ನೀರಲ್ಲಿ ಒಂದು ಹಾವು ಬಂತು ಕಣೋ. ಕತ್ತೆತ್ಕೊಂಡು ಹೋಗ್ತಾ ಇತ್ತು. ಮುಳುಗ್ತು. ಎದ್ದಾಗ ನೋಡಿದ್ರೆ ಮೂತೀಲಿ ಮೀನು. ಆಮೇಲೆ ನೋಡ್ತೀನಿ, ಹಾವಿಗೆ ರೆಕ್ಕೆ!"

ಅತ್ತೆ ಕಂಡದ್ದು ಹಾವಕ್ಕಿ. ಈಜುವಾಗ ಮೈಯೆಲ್ಲ ನೀರೊಳಗಿಟ್ಟು ಕತ್ತೊಂದನ್ನೇ ಹೊರಗೆ ಚಾಚುತ್ತದೆ, ಹೆಸರು ಬಂದದ್ದೇ ಅದರಿಂದ. ಕೊಕ್ಕನ್ನೇ ಭರ್ಜಿ ಮಾಡಿಕೊಂಡು ಮೀನನ್ನು ತಿವಿಯುತ್ತದೆ. ಮೇಲೆ ಬಂದು ಅದನ್ನು ಗಾಳಿಗೆ ಚಿಮ್ಮಿಸಿ, ತಲೆ ಕೆಳಗಾಗಿ ಬೀಳುವಂತೆ ಹಿಡಿದು ನುಂಗುತ್ತದೆ. ಬಾಲದ ಕಡೆಯಿಂದ ನುಂಗಹೊರಟರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಅಡ್ಡಬೀಳುತ್ತದೆ. ಇಷ್ಟೂ ಆಟ ಮಂಡಿ ನೋಯುವವರಿಗೆ ಕಂಡಿತು, ಕಾಲು ಗಟ್ಟಿಯಿದ್ದವರಿಗೆ ತಪ್ಪಿಹೋಯಿತು.

ತೊಂದರೆ ಕಂಡುಬಂದರೆ

'ಕರಿ ಹಕ್ಕಿಯೊಂದು ರೆಕ್ಕೆ ಬಿಚ್ಚಿಕೊಂಡು ಕೂತಿದೆ, ಮುಚ್ಚುತ್ತಿಲ್ಲ.' ಅದೇ ದಿನ ನಮ್ಮ ಭಾವನೂ ಇದೇ ದೂರು ತಂದರು. "ಪಾಪ, ರೆಕ್ಕೆ ಮುರಿದಿದೆ, ಯಾರಿಗಾದ್ರೂ ಹೇಳಬೇಕು" ಎಂದು ಗಾರ್ಡನ್ನು ಹುಡುಕಿಕೊಂಡು ಹೊರಟೇಬಿಟ್ಟಿದ್ದರು. "ಭಾವ, ಅದು ಬಟ್ಟೆ ಒಣಗಿಸ್ಕೊಳ್ತಾ ಇದೆ, ಬನ್ನಿ" ಎಂದು ಕೈಹಿಡಿದು ಕೂರಿಸಬೇಕಾಯಿತು. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ, ಈ ಕರಿ ಹಕ್ಕಿಯ, ಅಂದರೆ ನೀರುಕಾಗೆಯ, ಗರಿ ನೆನೆಯುತ್ತದೆ. ನೆನೆದರೆ ಮೈ ಭಾರವಾಗಿ ಮುಳುಗುವುದು ಸಲೀಸು. ಮೀನು ಸಿಕ್ಕ ಮೇಲೆ ಬಿಸಿಲಿಗೆ ಹರವಿಕೊಂಡು ಕೂರುವುದು ಅದಕ್ಕೆ ತೆರುವ ಬೆಲೆ.

'ಕೊಕ್ಕರೆ ಅಲ್ಲಾಡುತ್ತಿಲ್ಲ, ಗೊಂಬೆಯೇನೋ.' ಬಣ್ಣದ ಕೊಕ್ಕರೆ. ಗೊಂಬೆಯಲ್ಲ, ಕಾಯಿರಿ. ಇದು ಕಣ್ಣಿಗಿಂತ ಕೊಕ್ಕನ್ನು ನಂಬುವ ಹಕ್ಕಿ. ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ ಅತ್ತಿತ್ತ ಆಡಿಸುತ್ತದೆ, ಕಾಲಿನಿಂದ ತಳವನ್ನು ಕೆದಕುತ್ತದೆ, ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಬಗ್ಗಡದ ನೀರಾದರೂ ಅದಕ್ಕೆ ಚಿಂತೆಯಿಲ್ಲ.

'ಹಣೆಗೆ ಬಿಳಿ ನಾಮ ಹಾಕಿಕೊಂಡ ಕರಿ ಕೋಳಿ ನೀರಲ್ಲಿ ತೇಲುತ್ತಿದೆ.' ದೋಷವಲ್ಲ. ಹೆಸರೇ ನಾಮದ ಕೋಳಿ.

'ಮರದ ತುಂಬ ಹಕ್ಕಿ, ಎಲ್ಲ ತೂಕಡಿಸುತ್ತಿವೆ.' ಇರುಳುಬಕಗಳು. ರಾತ್ರಿಪಾಳಿಯವರು. ನೀವು ಹೊರಗೆ ನಡೆಯುವ ಹೊತ್ತಿಗೆ ಅವು ಒಂದೊಂದು ಕೂಗು ಹಾಕುತ್ತ ಕೆಲಸಕ್ಕೆ ಹೊರಡುತ್ತವೆ.

ಹೆಜ್ಜಾರ್ಲೆಯ ಬಗ್ಗೆ ದೂರು ಬರುವುದಿಲ್ಲ, ಅಷ್ಟು ದೊಡ್ಡ ಹಕ್ಕಿ ಯಾರ ಕಣ್ಣಿಗೂ ಬೀಳುತ್ತದೆ. ಕೊಕ್ಕಿನ ಕೆಳಗಿನ ಚೀಲ ಊಟದ ಡಬ್ಬಿ ಎಂದು ಮಕ್ಕಳಿಗೆ ಹೇಳಬೇಡಿ. ಅದು ಬಲೆ. ನೀರು ಸಮೇತ ಮೀನನ್ನು ಮೊಗೆದು, ನೀರು ಸೋರಲು ಬಿಟ್ಟು, ಮೀನನ್ನಷ್ಟೇ ನುಂಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇವೇ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಸೆಮರದಲ್ಲಿ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಆ ಊರಿನವರ ಲೆಕ್ಕ. ಇಲ್ಲಿ ನಾವು ಅದೇ ಹಕ್ಕಿಗೆ ಸೀಟಿ ಹೊಡೆದು "ಏಯ್, ಈ ಕಡೆ ನೋಡು" ಎನ್ನುತ್ತೇವೆ.

ಚಿಟ್ಟೆ ವಿಭಾಗ

ಗೇಟು ತೆಗೆದ ಕೂಡಲೇ ಇಲ್ಲಿಗೆ ನುಗ್ಗಬೇಡಿ. ಬಿಸಿಲು ಮೈಗೆ ತಾಗದೆ ಚಿಟ್ಟೆ ಹಾರುವುದಿಲ್ಲ. ಮೊದಲು ಹಕ್ಕಿ ನೋಡಿ, ಹತ್ತು ಗಂಟೆಯ ಮೇಲೆ ಇತ್ತ ಬನ್ನಿ. ಒದ್ದೆ ನೆಲದ ಮೇಲೆ ಗುಂಪಾಗಿ ಕೂತು ನೀರು ಹೀರುತ್ತಿದ್ದರೆ ಅವು ಉಪ್ಪಿನಂಶ ತೆಗೆದುಕೊಳ್ಳುತ್ತಿವೆ, ಕಾಲು ನೋಡಿ ಇಡಿ. ಕಿತ್ತಳೆ ಬಣ್ಣದ್ದೊಂದು ಯಾರಿಗೂ ಹೆದರದೆ ನಿಧಾನವಾಗಿ ತೇಲಿ ಹೋದರೆ, ಅದರ ಹುಳು ಎಕ್ಕದ ಎಲೆ ತಿಂದು ಬೆಳೆದದ್ದಿರಬೇಕು. ಎಕ್ಕದ ಹಾಲಿನ ವಿಷ ಮೈಯಲ್ಲಿರುವುದರಿಂದ ಹಕ್ಕಿಗಳು ಅದರ ಸಹವಾಸಕ್ಕೆ ಹೋಗುವುದಿಲ್ಲ.

ಇಲ್ಲೊಂದು ಮಾತು ಆಡದೆ ಇರಲಾರೆ. ಕಪ್ಪು ರೆಕ್ಕೆಯ, ಬಿಳಿ ಚುಕ್ಕೆಯ ದೊಡ್ಡ ಚಿಟ್ಟೆ ಕಂಡು "ಅಬ್ಬಾ, ಎಷ್ಟು ಚೆನ್ನಾಗಿದೆ" ಎನ್ನುವಿರಲ್ಲ, ಅದು ಮೊಟ್ಟೆಯಿಡುವುದು ಕರಿಬೇವು, ನಿಂಬೆ ಗಿಡದ ಮೇಲೆ. ನಿಮ್ಮ ಹಿತ್ತಲ ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಾಣುವ ಮರಿಹುಳು ಅದರ ಮಗು. ಹಿಕ್ಕೆಯಂತೆ ಕಾಣುವುದೇ ಅದರ ಜೀವರಕ್ಷಣೆ, ಹಕ್ಕಿಗಳು ಮೋಸಹೋಗುತ್ತವೆ. ನಾವು ಮೋಸಹೋಗುವುದಿಲ್ಲ, ಔಷಧಿ ಹೊಡೆಯುತ್ತೇವೆ. ಆಮೇಲೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಟಿಕೆಟ್ ತೆಗೆದು ಚಿಟ್ಟೆ ತೋರಿಸಲು ಬರುತ್ತೇವೆ.

ಇತರ ಭಾಗಗಳು

ಪಕ್ಷಿಮನೆ: ಸುಮಾರು 60 ಮೀಟರ್ ಉದ್ದ, 20 ಮೀಟರ್ ಎತ್ತರ. ಟೋಪಿ ಇದ್ದರೆ ಹಾಕಿಕೊಳ್ಳಿ, ಕಾರಣ ಒಳಗೆ ಹೋದರೆ ತಲೆಗೇ ತಿಳಿಯುತ್ತದೆ.

ದೋಣಿ: ನಡೆಯುತ್ತಿರುವ ದಿನವಾದರೆ ಹತ್ತಿ. ಪೆಡಲ್ ದೋಣಿಯಲ್ಲಿ ಇಬ್ಬರೂ ಒಂದೇ ಸಮ ತುಳಿಯಬೇಕು, ಹಿಡಿ ಒಬ್ಬರ ಕೈಯಲ್ಲಿರಬೇಕು. ಗಂಡ ಹೆಂಡತಿ ಇಬ್ಬರೂ ಹಿಡಿದರೆ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಇದನ್ನು ದುರಸ್ತಿ ಮಾಡುವ ವಿಧಾನ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಬಿದಿರುಮೆಳೆಯ ಪಕ್ಕದ ಬೆಂಚುಗಳಲ್ಲಿ ಜೋಡಿಗಳು ಕಂಡರೆ ಕೆಮ್ಮದೆ ಮುಂದೆ ನಡೆಯಿರಿ. ಸದ್ದಿಲ್ಲದೆ ಗಂಟೆಗಟ್ಟಲೆ ಕೂರಬಲ್ಲವರು ಈ ಕೆರೆಯಲ್ಲಿ ಅವರು ಮತ್ತು ಬಕಗಳು ಮಾತ್ರ.

ಎಚ್ಚರಿಕೆ

ಚುರುಮುರಿ, ಬ್ರೆಡ್ಡು, ಚಿಪ್ಸು ನೀರಿಗೆ ಎಸೆಯಬೇಡಿ. 'ಪಾಪ ಹಸಿದಿರತ್ತೆ' ಎನ್ನುವವರು ಹಾವಕ್ಕಿಯ ಊಟದ ಕ್ರಮವನ್ನು ಮೇಲೆ ಇನ್ನೊಮ್ಮೆ ಓದಿಕೊಳ್ಳಿ. ಬೆಳ್ಳಕ್ಕಿಯ ಸಾಲು ತಲೆಯ ಮೇಲೆ ಹಾರಿದರೆ ಉಗುರಿಗೆ ಉಗುರು ಉಜ್ಜಿ ಬಿಳಿ ಚುಕ್ಕೆ ಬೇಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಎಷ್ಟು ವಯಸ್ಸಿನವರಾದರೂ.

ನಮ್ಮತ್ತೆ ಕೂತಿದ್ದ ಬೆಂಚು ನೀರಿಗೆ ಹತ್ತಿರವಿದೆ, ಬೆಳಗ್ಗೆ ನೆರಳೂ ಇರುತ್ತದೆ. ಮಂಗಳವಾರ ಬರಬೇಡಿ, ಬಾಗಿಲು ಹಾಕಿರುತ್ತದೆ.