ಫಲಾನುಭವಿ ಕಥನ ಮೀಮಾಂಸೆ: ಬಳ್ಳಾರಿ ಸೀಮೆಯ ಮೂರು ಪಂಥಗಳು

ಫಲಾನುಭವಿಯ ಕಣ್ಣೀರು ಈ ಶಾಸ್ತ್ರದ ವಿಷಯ. ದಾನಿಯ ಚೆಕ್ಕು ಪ್ರಯೋಜನ. ಸ್ವಯಂಸೇವಾ ಸಂಸ್ಥೆಗಳ ಪ್ರಚಾರ ವಿಭಾಗದವರು ಇದರ ಅಧ್ಯಯನಕ್ಕೆ ಅರ್ಹರು. ಫಲಾನುಭವಿ ಅರ್ಹಳಲ್ಲ, ಅವಳು ಉದಾಹರಣೆ.

ಸಿರುಗುಪ್ಪ ಪಂಥವೇ ಅತಿ ಪ್ರಾಚೀನ. ಆ ತಾಲ್ಲೂಕಿನ ನಿಟ್ಟೂರು, ಉಡೇಗೊಳಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ವರ್ಷ ಅಷ್ಟೇನೂ ಶ್ರಮಿಸಲಿಲ್ಲ, ಸಂಘದ ಹತ್ತಿರ ಹೋದಮೇಲೆ ಶ್ರದ್ಧೆ ಹೆಚ್ಚಿತು ಎಂಬುದು ಕಿರು ಶಾಸನದ ಒಕ್ಕಣೆ. ‘ಮೊದಲು’, ‘ಆಮೇಲೆ’ ಎರಡೂ ಸಿದ್ಧ. ಹೆಚ್ಚಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನಷ್ಟೇ ಆದವನು ಇಲ್ಲಿ ಅಶೋಕನೆಂಬ ಹೆಸರನ್ನೂ ಕೊರೆಸಿದ್ದಾನೆ. ಕಥೆಯೂ ಅವನದೇ, ಬಂಡೆಯೂ ಅವನದೇ. ಒಪ್ಪಿಗೆ ಪತ್ರದ ಪ್ರಶ್ನೆಯೇ ಏಳುವುದಿಲ್ಲ.

ಕುರುಗೋಡು ಪಂಥದ್ದು ಬೇರೆ ವಾದ. ಸಿಂದರು ಆಳಿದ 12ನೇ ಶತಮಾನದ ದಾನಶಾಸನಗಳ ಪ್ರಕಾರ ಬಣ್ಣಿಸಬೇಕಾದದ್ದು ಕೊಟ್ಟವನ ವಂಶವನ್ನು. ಕೊಟ್ಟದ್ದನ್ನು ಕಸಿದವನಿಗೆ ಶಾಪ. ಇಂದಿನ ವಾರ್ಷಿಕ ವರದಿಯು ವಂಶವರ್ಣನೆಯನ್ನು ಅಧ್ಯಕ್ಷರ ಸಂದೇಶವಾಗಿ ಉಳಿಸಿಕೊಂಡು, ಶಾಪ ತೆಗೆದು ತೆರಿಗೆ ರಿಯಾಯಿತಿಯ ವರ ಸೇರಿಸಿದೆ.

ಬಳ್ಳಾರಿ ಪಂಥ ಹುಟ್ಟಿದ್ದು 1876–78ರ ಮಹಾ ಬರದಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಗೆ ಪೌಂಡುಗಳು ಹರಿದ ಆ ಕಾಲದಲ್ಲೇ ವಿಲೋಬಿ ವ್ಯಾಲೇಸ್ ಹೂಪರ್ ಎಂಬ ಸೇನಾಧಿಕಾರಿ ಪ್ರೆಸಿಡೆನ್ಸಿಯ ಹಸಿದವರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದ. ತೆಗೆದವನ ಹೆಸರು ಉಳಿಯಿತು. ಎಲುಬು ತೋರಿಸಿ ಕೂತವರದು ಉಳಿಯಲಿಲ್ಲ.

ಇಲ್ಲಿಂದ ಸೂತ್ರ: ಕಥೆ ಹೇಳುವವನ ಹೊಟ್ಟೆ ಖಾಲಿಯಾದಷ್ಟೂ ಕಥೆಯ ಮೇಲೆ ಅವನ ಹಕ್ಕು ಕಡಿಮೆ.

ಆಧುನಿಕ ಭಾಷ್ಯಕಾರರಿಗೆ 2013ರ ಕಂಪನಿ ಕಾಯ್ದೆಯ 135ನೇ ಕಲಮು ಆಧಾರ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ವ್ಯಯಿಸಿದ್ದಕ್ಕೆ ಒಂದು ಮುಖ ಬೇಕು. ಆ ಮುಖ ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಯೊಂದರಲ್ಲಿ ಸಿಕ್ಕಿತು ಎನ್ನೋಣ.

“ಯಕ್ಕಾ, ಆ ಫ್ರಿಜ್ಜು ಕ್ಯಾಮೆರಾದಾಗ ಬೀಳಬಾರದು, ಮ್ಯಾಲೊಂದು ಸೀರಿ ಹಾಕ್ರಿ.”

“ಕಂತಿನ ಮ್ಯಾಲೆ ತಗಂಡಿದ್ದಪ್ಪಾ. ಅದೂ ಕಷ್ಟಾನೇ ಅಲ್ಲೇನು?”

ಈ ಪೂರ್ವಪಕ್ಷಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಸೀರೆ ಹೊದಿಸಲಾಯಿತು.

ಉಳಿದದ್ದು ಲೆಕ್ಕದ ಜಿಜ್ಞಾಸೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿದೆ. ಕ್ಯಾಮೆರಾದವನ ಬಿಲ್ಲನ್ನು ಎಲ್ಲಿ ಸೇರಿಸಬೇಕೆಂದು ಆಡಿಟರಿಗೆ ಗೊತ್ತು. ಅಕ್ಕನದು ಪೀಸಿನ ಲೆಕ್ಕದ ಕೂಲಿ. ಅರ್ಧ ದಿನ ಮೆಷಿನ್ನು ನಿಂತಿದ್ದಕ್ಕೆ ಯಾವ ಬಾಬ್ತಿನಲ್ಲಿ ವೋಚರ್ ಬರೆಯಬೇಕು ಎಂಬುದನ್ನು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ.