ಕೊಹಿನೂರದಾಗ ಕೇಳಿದ್ರ ವಜ್ರ ಸಿಗಂಗಿಲ್ರಿ

ಕೊಹಿನೂರ ಎಲ್ಲಿದೆ ಎಂದು ಜಗತ್ತನ್ನು ಕೇಳಿದರೆ ಲಂಡನ್ ಟವರಿನತ್ತ ಕೈ ತೋರಿಸುತ್ತದೆ. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕೇಳಿದರೆ ಬಸವಕಲ್ಯಾಣ ತಾಲ್ಲೂಕಿನ ಊರಿನ ಬಸ್ಸು ತೋರಿಸುತ್ತಾರೆ. ಎರಡೂ ಸರಿಯೇ. ಕೇಳಿದ್ದು ಯಾರನ್ನು ಎಂಬುದರ ಮೇಲೆ ಎಲ್ಲ ನಿಂತಿದೆ. ಇದನ್ನೇ ಕಸುಬು ಮಾಡಿಕೊಂಡವರೊಬ್ಬರು ಕೊಹಿನೂರದ ಮನೆಯೊಂದರ ಲ್ಯಾಪ್‌ಟಾಪಿನಲ್ಲಿ ವಾಸವಾಗಿದ್ದಾರೆ. ಹೈದರಾಬಾದಿನ ನೌಕರಿಯನ್ನು ಊರಲ್ಲೇ ಕೂತು ಮಾಡುವ ಹುಡುಗನೊಬ್ಬ ತನ್ನ ಪ್ರೋಗ್ರಾಮಿಂಗ್ ಕೆಲಸಕ್ಕೆಂದು ಇನ್‌ಸ್ಟಾಲ್ ಮಾಡಿಕೊಂಡಿರುವ ಲೋಕಲ್ ಡಿಎನ್‌ಎಸ್ ಸರ್ವರ್ ಇವರು. ಹೆಸರು ಹೇಳಿದರೆ ವಿಳಾಸ ಹೇಳುತ್ತಾರೆ. 53ನೇ ಪೋರ್ಟಿನಲ್ಲಿ ಮಾತಿಗೆ ಸಿಕ್ಕರು.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ?

ಸರ್ವರ್: ಶರಣ್ರೀ. ಡಿಎನ್‌ಎಸ್‌ಮಾಸ್ಕ್ ಅಂತಾರ ನನಗ. ನನ್ನ ಬರೆದವ್ರು ಸೈಮನ್ ಕೆಲ್ಲಿ ಅಂಬೋ ಸಾಹೇಬ್ರು. ದಿನಾ ಊರ ಮಂದಿ ಹೆಸರೆಲ್ಲಾ ನನ್ನ ಕೇಳ್ತಾರ, ನನ್ನ ಹೆಸರು ಕೇಳಿದವ್ರು ನೀವ ಮೊದಲು. ವಿಳಾಸ 127.0.0.1.

ಪ್ರಶ್ನೆ: ಅದು ಎಲ್ಲಿ ಬರುತ್ತದೆ?

ಸರ್ವರ್: ಎಲ್ಲೂ ಬರಂಗಿಲ್ರಿ. ಮಷಿನು ತನ್ನನ್ನ ತಾನ ಕರಕೊಳ್ಳೋ ನಂಬರ್ ಅದು. ಲಂಡನ್ನಿನ ಕಂಪ್ಯೂಟರಿಗೂ ಅದ, ನಮ್ಮ ಹುಡುಗನ ಲ್ಯಾಪ್‌ಟಾಪಿಗೂ ಅದ. ಹೊರಗ ಯಾಕ ಹುಡುಕ್ತಿ, ಒಳಗ ನೋಡ್ಕೋ ಅಂತ ಶರಣರು ಹೇಳಿದ ನೆಲ ಇದು. ನಾನೂ ದಿನಕ್ಕ ಸಾವಿರ ಸಲ ಅದನ್ನ ಹೇಳ್ತೀನಿ. ಅನುಭವ ಮಂಟಪಕ್ಕ ಮಾತ್ರ ಯಾರೂ ಕರೀಲಿಲ್ಲ.

ಪ್ರಶ್ನೆ: ಹೊರಗೆ ಅಷ್ಟು ದೊಡ್ಡ ಡಿಎನ್‌ಎಸ್ ವ್ಯವಸ್ಥೆ ಇರುವಾಗ ಮನೆಯೊಳಗೆ ನೀವು ಯಾಕೆ?

ಸರ್ವರ್: ಹುಡುಗ ಬಿಡುವಿನಾಗ ಪಂಚಾಯತಿಗೆ ಒಂದು ಸೈಟ್ ಮಾಡ್ಲಕತ್ತಾನ. ನೀರು.ಟೆಸ್ಟ್, ತೆರಿಗೆ.ಟೆಸ್ಟ್, ತಕರಾರು.ಟೆಸ್ಟ್ ಅಂತ ಹೆಸರು. ಹೊರಗ ಇವು ಯಾರಿಗೂ ಗೊತ್ತಿಲ್ಲ. ಮೊದಲು ಹೋಸ್ಟ್ಸ್ ಫೈಲಿನಾಗ ಒಂದೊಂದ ಸಾಲು ಬರಕೋತ ಕುಂದರ್ತಿದ್ದ. ಆ ಫೈಲಿಗೆ ನಕ್ಷತ್ರದ ಗುರುತು ತಿಳಿಯಂಗಿಲ್ಲ. ಇದರ ಕೆಳಗಿನವೆಲ್ಲಾ ತಗೋ ಅಂದ್ರ ತಗೋಳಂಗಿಲ್ಲ. ನನಗ ಒಂದ ಸಾಲು ಸಾಕು: ಅಡ್ರೆಸ್, ಸಮ ಚಿಹ್ನೆ, ಓರೆಗೀಟು, ಟೆಸ್ಟ್, ಮತ್ತೊಂದು ಓರೆಗೀಟು, 127.0.0.1. ಟೆಸ್ಟ್ ಅಂತ ಮುಗಿಯೋ ಎಲ್ಲಾ ಹೆಸರಿಗೂ ಅದೇ ಉತ್ತರ. ಇನ್ನೂ ಹುಟ್ಟದ ಇಲಾಖೆ ಹೆಸರು ಕೇಳ್ರಿ, ಅದಕ್ಕೂ ವಿಳಾಸ ಕೊಡ್ತೀನಿ.

ಪ್ರಶ್ನೆ: ಟೆಸ್ಟ್ ಎಂದೇ ಯಾಕೆ? ಚಂದದ ಹೆಸರು ಸಿಗಲಿಲ್ಲವೆ?

ಸರ್ವರ್: ಚಂದದ ಹೆಸರಿಗೆ ಹೋದವ್ರ ಗತಿ ಕೇಳ್ರಿ. ಒಂದು ಕಾಲಕ್ಕ ಪ್ರೋಗ್ರಾಮರ್ ಮಂದಿ ಮನೆಯೊಳಗಿನ ಸೈಟಿಗೆಲ್ಲಾ ಡಾಟ್ ಡೆವ್ ಅಂತ ಬಾಲ ಹಚ್ಚಿದ್ರು. ಯಾರಪ್ಪನ ಮನೀದು ಅಂತ ಕೇಳಲಿಲ್ಲ. ಅದು ಗೂಗಲ್‌ನವ್ರ ಪಾಲಾತು. 2017ರ ಡಿಸೆಂಬರ್‌ನಾಗ ಕ್ರೋಮ್ 63 ಬಂತು, ಡಾಟ್ ಡೆವ್ ಅಂದ್ರ ಎಚ್‌ಟಿಟಿಪಿಎಸ್ ಇರಲೇಬೇಕು ಅಂತು. ಸಂಜೀತನ ನಡೆದ ಸೈಟು ಮುಂಜಾನೆ ಬಾಗಿಲು ಹಾಕಿತು. ಟೆಸ್ಟ್ ಹಂಗಲ್ಲ. 1999ರಾಗೇ ಅದನ್ನ ಪರೀಕ್ಷೆಗಂತ ತೆಗೆದಿಟ್ಟಾರ, ಯಾವ ಸಾವ್ಕಾರನೂ ಖರೀದಿ ಮಾಡಂಗಿಲ್ಲ. ಗಾಯರಾಣ ಜಮೀನಿದ್ದಂಗ. ಒಂದ ಫರಕು, ಇದನ್ನ ಇನ್ನೂ ಯಾರೂ ಒತ್ತುವರಿ ಮಾಡಿಲ್ಲ.

ಪ್ರಶ್ನೆ: ನಿಮ್ಮನ್ನು ಕೂರಿಸುವಾಗ ಜಗಳ ಆಯಿತಂತೆ?

ಸರ್ವರ್: ನಾ ಬರೋ ಮೊದಲೇ 53ನೇ ಪೋರ್ಟಿನಾಗ ಒಬ್ಬ ಕುಂತಿದ್ದ. ಸಿಸ್ಟಮ್‌ಡಿ ರಿಸಾಲ್ವ್ಡ್ ಅಂತ, 127.0.0.53 ಅವನ ವಿಳಾಸ. ಉಬುಂಟು ಜೊತಿಗೇ ಬಂದವ. ನನಗ ಎಲ್ಲಾ ಕಡೀನೂ ಕಿವಿ ಇಡೋ ಚಟ. ಹೋಗಿ ಕುಂದ್ರಾಕ ನೋಡಿದ್ರ, ವಿಳಾಸ ಬಳಕೆದಾಗ ಅದ ಅಂತ ಹೊರಗ ಹಾಕಿದ್ರು. ಹುಡುಗ ರಾತ್ರಿ ಎರಡಕ್ಕ ಅವ್ವಗ ಎಬ್ಬಿಸಿ ಚಾ ಮಾಡಿಸ್ಕೊಂಡ. ಕೊನೆಗ ನನಗ 127.0.0.1 ಒಂದಕ್ಕಷ್ಟ ಕಿವಿ ಕೊಡು ಅಂತ ಕಟ್ಟಿಹಾಕಿದ, ಹೆಸರು ಯಾರಿಗೆ ಕೇಳ್ಬೇಕು ಅಂತ ಬರೆದಿಡೋ ರಿಸಾಲ್ವ್.ಕಾನ್ಫ್ ಫೈಲಿನಾಗ ನನ್ನ ನಂಬರ್ ಬರೆದ. ಈಗ ಇಬ್ರೂ ಒಂದ ಪೋರ್ಟಿನಾಗ ಅದೀವಿ. ಮಾತಿಲ್ಲ ಕತಿಯಿಲ್ಲ.

ಪ್ರಶ್ನೆ: ಗೊತ್ತಿಲ್ಲದ ಹೆಸರು ಕೇಳಿದರೆ?

ಸರ್ವರ್: ಮ್ಯಾಲಿನವ್ರಿಗೆ ಕಳಸ್ತೀನಿ. ಮೊದಲು ಹಿಂಗ ಇರಲಿಲ್ರಿ. ಇಡೀ ನೆಟ್‌ವರ್ಕಿನ ಹೆಸರೆಲ್ಲಾ ಒಂದ ಯಾದಿನಾಗ ಇರ್ತಿದ್ವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಾಗ ಎಲಿಜಬೆತ್ ಫೈನ್ಲರ್ ಬಾಯಿಯವ್ರ ತಂಡ ಅದನ್ನ ನೋಡ್ಕೋತಿತ್ತು. ಹೊಸ ಮಷಿನು ಸೇರಿಸ್ಬೇಕಂದ್ರ ಆಫೀಸ್ ಟೈಮಿನಾಗ ಫೋನ್ ಹಚ್ಚಬೇಕು. ಯಾದಿ ಬೆಳೀತು, ಕೈ ಮೀರಿತು. 1983ರಾಗ ಪಾಲ್ ಮೊಕಾಪೆಟ್ರಿಸ್ ಅವ್ರು ಅಧಿಕಾರ ಹಂಚಿದ್ರು. ರೂಟಿನವ್ರನ್ನ ಕೇಳಿದ್ರ ಡಾಟ್ ಇನ್ ನೋಡ್ಕೊಳ್ಳವ್ರ ಕಡೆ ಹೋಗು ಅಂತಾರ, ಅವ್ರು ಮತ್ತೊಬ್ಬರ ಕಡೆ ಕಳಸ್ತಾರ.

ಪ್ರಶ್ನೆ: ನಮ್ಮ ಕಚೇರಿಗಳಲ್ಲೂ ಇದೇ ಪದ್ಧತಿ.

ಸರ್ವರ್: ಎಲ್ಲೀದ್ರಿ! ಇಲ್ಲಿ ಮೂರ್ನಾಲ್ಕು ಟೇಬಲ್ ದಾಟೋದು ಕಣ್ಣು ಮಿಟಕಿಸೋದ್ರಾಗ ಮುಗೀತದ. ಹೆಸರು ಇಲ್ಲಾಂದ್ರ ಇಲ್ಲ ಅಂತ ಬಾಯಿಬಿಟ್ಟು ಹೇಳ್ತೀವಿ. ನಾಳೆ ಬರ್ರಿ ಅಂಬೋ ಉತ್ತರ ನಮ್ಮ ನಿಯಮದಾಗ ಇಲ್ಲ. ಹಾಂ, ಸರ್ವ್‌ಫೇಲ್ ಅಂತ ಒಂದದ, ಖರೇ. ಅದೊಂದನ್ನ ನಿಮ್ಮ ಕಚೇರಿಯವ್ರು ನಮ್ಮಿಂದ ಕಲ್ತು 'ಸರ್ವರ್ ಡೌನ್ ಅದ' ಅಂತ ಬಳಸ್ತಾರ.

ಪ್ರಶ್ನೆ: ಹೆಸರೇ ಬದಲಾದರೆ ಏನು ಮಾಡುತ್ತೀರಿ?

ಸರ್ವರ್: ಪ್ರತಿ ಉತ್ತರಕ್ಕೂ ಟಿಟಿಎಲ್ ಅಂತ ಮುದ್ದತು ಇರ್ತದ. ಇಷ್ಟು ಸೆಕೆಂಡು ನೆನಪಿಡು, ಆಮ್ಯಾಲ ಮರೆತು ಮತ್ತ ಕೇಳು. ನನ್ನ ನೆನಪೂ ಸಣ್ಣದು, ಯಾರೂ ಸೆಟ್ಟಿಂಗ್ ಮುಟ್ಟದಿದ್ರ 150 ಹೆಸರು. ಮನುಷ್ಯಾರಿಗೆ ಈ ಸೌಕರ್ಯ ಇಲ್ಲ. 2014ರ ನವೆಂಬರ್ 1ಕ್ಕ ಗುಲಬರ್ಗಾ ಹೋಗಿ ಕಲಬುರಗಿ ಆತು. ರೈಲ್ವೆಯವ್ರು ಜಿಆರ್ ಕೋಡ್ ತೆಗೆದು ಕೆಎಲ್‌ಬಿಜಿ ಹಾಕಿದ್ರು. ವಿಶ್ವವಿದ್ಯಾಲಯದ ಬೋರ್ಡಿನ ಮ್ಯಾಲ ಇನ್ನೂ ಗುಲಬರ್ಗಾನ ಅದ. 2019ರಾಗ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು; ನಮ್ಮ ಹುಡುಗನ ಅಜ್ಜಗ ಅದರ ಟಿಟಿಎಲ್ ಇನ್ನೂ ಮುಗಿದಿಲ್ಲ. ಬರೇ ಕಲ್ಯಾಣ ಅಂದ್ರಂತೂ ಮುಂಬೈ ಬಾಜೂ ಇರೋ ಜಂಕ್ಷನ್ ಟಿಕೆಟ್ ಕೊಡ್ತಾರ. ಚಾಲುಕ್ಯರ ರಾಜಧಾನಿ ಇದ್ದ ಊರಿಗೆ ಹೋಗ್ಬೇಕಂದ್ರ ಪೂರಾ ಹೆಸರು ಹೇಳ್ಬೇಕ್ರಿ, ಬಸವಕಲ್ಯಾಣ ಅಂತ.

ಪ್ರಶ್ನೆ: ಕನ್ನಡದಲ್ಲೇ ಡೊಮೇನ್ ಹೆಸರು ಕೇಳಿದರೆ ತಿಳಿಯುತ್ತದೆಯೆ?

ಸರ್ವರ್: ಡಾಟ್ ಭಾರತ ಕನ್ನಡ ಅಕ್ಷರದಾಗೇ ಅದ, ನೋಂದಣಿನೂ ಮಾಡ್ಬಹುದು. ಆದ್ರ ನನ್ನ ಕಿವಿಗೆ ಬೀಳೋದು 'ಎಕ್ಸ್‌ಎನ್, ಎರಡು ಗೀಟು, 2ಎಸ್‌ಸಿಆರ್‌ಜೆ9ಸಿ' ಅಂತ. ಬ್ರೌಸರ್ ನಡುವ ನಿಂತು ಹಂಗ ಮಾಡ್ತದ. ಕನ್ನಡ ಅರ್ಜಿ ಮ್ಯಾಲ ಹೋಗುವಾಗ ಏನಾಗ್ತದ ಅಂತ ನಿಮಗ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಪಂಚಾಯತಿ ಸೈಟಿನ ಪ್ರದರ್ಶನ ಭರ್ಜರಿಯಾಯಿತು ಎಂದು ಕೇಳಿದೆ.

ಸರ್ವರ್: ಅಯ್ಯಯ್ಯ, ಅದನ್ನ ಕೇಳ್ರಿ. ಪ್ರೊಜೆಕ್ಟರ್ ಹಚ್ಚಿ, ಶಾಲು ಹೊದ್ದ ಸಾಹೇಬ್ರನ್ನ ಕುಂದ್ರಿಸಿ, ಇದೇ ಲ್ಯಾಪ್‌ಟಾಪಿನಾಗ ತೆರಿಗೆ.ಟೆಸ್ಟ್ ತೆಗೆದ್ರು. ಒತ್ತಿದ ಕೂಡ್ಲೇ ಪುಟ ಬಂತು. ಹೊಸ್ತಿಲು ದಾಟಬೇಕಿಲ್ಲ, ಬರಲಾರದ ಏನ್ ಮಾಡ್ತದ? ಬೆಂಗಳೂರಿನ ಸೈಟೂ ಇಷ್ಟು ಫಾಸ್ಟ್ ಇಲ್ಲ ಅಂದ್ರು ಸಾಹೇಬ್ರು. ನಡುವ ರಸ್ತಾ ಅಗೆಯೋ ಜೆಸಿಬಿ ಕೇಬಲ್ ಕಡೀತು, ನೆಟ್ ಹೋತು. ನಮ್ಮ ಸೈಟು ನಡೀತಾನೇ ಇತ್ತು! ನೆಟ್ ಇಲ್ಲದ ಹಳ್ಳಿಗೂ ಇಂಟರ್ನೆಟ್ ಸೇವೆ ಅಂತ ಭಾಷಣ ಆತು, ಚಪ್ಪಾಳಿ ಬಿತ್ತು.

ಪ್ರಶ್ನೆ: ಜನ ಬಳಸುತ್ತಿದ್ದಾರೆಯೆ?

ಸರ್ವರ್: ಸಭಾ ಮುಗಿಸಿ ಮನಿಗೆ ಹೋದ ಕಾಕಾ ಒಬ್ರು ಮೊಬೈಲಿನಾಗ ಅದೇ ಹೆಸರು ಹೊಡೆದ್ರು. ಅವರ ಮೊಬೈಲು ನನ್ನನ್ನ ಕೇಳಲಿಲ್ಲ, ಊರ ಹೊರಗಿನವ್ರನ್ನ ಕೇಳ್ತು. ಅಂಥ ಹೆಸರೇ ಇಲ್ಲ ಅಂದ್ರು ಅವ್ರು. ಹುಡುಗಗ ಹೆದರಿಕಿ ಬಂತು. ತನ್ನ ಫೋನಿನಾಗ ಡಿಎನ್‌ಎಸ್ ಜಾಗಾಕ್ಕ ಲ್ಯಾಪ್‌ಟಾಪಿನ ನಂಬರ್ ಹಾಕಿದ, ವೈಫೈ ಕಡೀನೂ ನನ್ನ ಕಿವಿ ಬಿಚ್ಚಿದ. ಕೇಳಿದ, ನಾ 127.0.0.1 ಅಂದೆ. ಫೋನು ತನ್ನೊಳಗ ತಾನೇ ಹುಡುಕಾಡ್ತು. ಅಲ್ಲಿ ವಾಟ್ಸಾಪ್ ಇತ್ತು, ತೆರಿಗೆ ಇರಲಿಲ್ಲ. ಉತ್ತರದಾಗ ಲ್ಯಾಪ್‌ಟಾಪಿನ 192.168 ನಂಬರ್ ಬರೀಬೇಕಾಗಿತ್ತು. ಮರುದಿನ ರೌಟರ್ ಆ ನಂಬರೂ ಬದಲಿಸ್ತು ಅನ್ರಿ.

ಪ್ರಶ್ನೆ: ಹಾಗಾದರೆ ಸೈಟನ್ನು ಹೊರಗೆ ಹಾಕುವುದು ಯಾವಾಗ?

ಸರ್ವರ್: ಹೊರಗ ಹಾಕ್ಲಿಕ್ಕ ಹೆಸರು ಖರೀದಿ ಮಾಡ್ಬೇಕು, ಹೋಸ್ಟಿಂಗ್‌ಗೆ ರೊಕ್ಕ ಬೇಕು, ಮಂಜೂರಾತಿ ಬೇಕು. ಉದ್ಘಾಟನೆ ಅಂತೂ ಆಗೇದ. ಫೋಟೋ ಪೇಪರಿನಾಗ ಬಂದದ. ಇನ್ನ ಯಾರಿಗೆ ಅವಸರ?

ಪ್ರಶ್ನೆ: ನಿಮ್ಮದೇನು ತೊಂದರೆ?

ಸರ್ವರ್: ಕಂಪನಿ ವಿಪಿಎನ್ ಒಂದ ನೋಡ್ರಿ. ಹುಡುಗ ಅದನ್ನ ಹಚ್ಚಿದ ಕೂಡ್ಲೇ ರಿಸಾಲ್ವ್.ಕಾನ್ಫ್ ಫೈಲಿನಾಗ ನನ್ನ ನಂಬರ್ ಅಳಿಸಿ ಕಂಪನಿಯವ್ರ ನಂಬರ್ ಬರೀತದ. ನೋಟೀಸಿಲ್ಲ, ವರ್ಗಾವಣೆ ಆದೇಶ ಇಲ್ಲ. ನಾ ಖುರ್ಚಿ ಮ್ಯಾಲೇ ಇರ್ತೀನಿ, ಯಾರೂ ಕೇಳ್ಲಿಕ್ಕ ಬರಂಗಿಲ್ಲ. ಪಗಾರ ಇದ್ದಿದ್ರ ಇದೇ ಪಸಂದ್ ಪೋಸ್ಟಿಂಗ್.

ಪ್ರಶ್ನೆ: ಕೊನೆಗೆ, ಓದುಗರಿಗೆ ಏನಾದರೂ ಹೇಳುತ್ತೀರಾ?

ಸರ್ವರ್: ಓದುಗರು ಈ ಲ್ಯಾಪ್‌ಟಾಪಿನಾಗ ಅದಾರೇನ್ರಿ? ಇಲ್ಲಾಂದ್ರ ಮಾಫ್ ಮಾಡ್ರಿ. ವೈಫೈ ಕಡೆ ಬಿಚ್ಚಿದ ಕಿವಿ ಹುಡುಗ ಅವತ್ತೇ ಮುಚ್ಯಾನ. ಹೊರಗಿನ ಪ್ರಶ್ನೆಗೆಲ್ಲಾ ಉತ್ತರ ಕೊಟ್ಟರ ಓಪನ್ ರಿಸಾಲ್ವರ್ ಅಂತ ಹೆಸರು ಬೀಳ್ತದ; ಯಾವನೋ ಬಂದು ಸಣ್ಣ ಪ್ರಶ್ನೆ ಕೇಳಿ, ದೊಡ್ಡ ಉತ್ತರ ಮತ್ತೊಬ್ಬನ ಮನಿ ಮ್ಯಾಲ ಬೀಳೋಹಂಗ ಮಾಡ್ತಾನ. ಅವರಿಗೇನರೆ ಕೇಳೋದಿದ್ರ ಅವರವರ ಸರ್ವರಿಗೆ ಕೇಳ್ಲಿ. ನೀವು ಜಲ್ದಿ ಏಳ್ರಿ, ಒಂಬತ್ತೂವರಿಗೆ ಹುಡುಗನ ಮೀಟಿಂಗ್ ಅದ, ವಿಪಿಎನ್ ಹಚ್ಚತಾನ.